ಮೇಣದ ಹಲ್ಲಿಗೊಂದು ಚೀಲ

ಹಲ್ಲಿನ ಸೆಟ್ಟು ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಹಲ್ಲಕ್ಕ ಅನ್ನುತ್ತಿದ್ದರು. ಎದುರಿಗೇ ಕರೆದರೂ ಅವಳಿಗೇನೂ ಬೇಜಾರಿಲ್ಲ. ಉರಿಯುತ್ತಿದ್ದದ್ದು ಅವಳ ತಮ್ಮನಿಗೆ. ಅವನು ಅವಳ ಮನೆಯ ಕೆಳಗಿನ ಕೋಣೆಯಲ್ಲೇ ಚೀಲ ಹೊಲಿಯುವ ಅಂಗಡಿ ಇಟ್ಟಿದ್ದ. ಕೋಪ ಅವನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಗಿರಾಕಿ ಜಿಪ್ಪನ್ನು ಎರಡು ಸಲ ಎಳೆದು ನೋಡಿದರೆ ಮುಗಿಯಿತು, "ತಗೊಳ್ಳೋದಿದ್ರೆ ತಗೊಳ್ಳಿ, ಅದರ ಜೀವ ತೆಗೀಬೇಡಿ" ಅಂದುಬಿಡುತ್ತಿದ್ದ. ಹಾಗಂದರೂ ಜನ ಬರುತ್ತಿದ್ದರು. ಅವನು ಹೊಲಿದ ಚೀಲದೊಳಕ್ಕೆ ಮಳೆಯ ಒಂದು ಹನಿ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಅಕ್ಕ ಕೆಲಸ ಮಾಡುವ ಲ್ಯಾಬು ಸೇತುವೆಯ ಆಚೆ. ಅವಳು ಓಡಾಡುತ್ತಿದ್ದದ್ದು ಸೈಕಲ್ಲಿನಲ್ಲಿ. ದಾರಿಯಲ್ಲಿ ಸಿಗುವ ಹಲ್ಲಿನ ಆಸ್ಪತ್ರೆಗಳಿಂದ ಜನರ ಬಾಯಿಯ ಪ್ಲಾಸ್ಟರ್ ಅಚ್ಚುಗಳನ್ನು ಇಸಿದುಕೊಂಡು ಹೋಗುವುದು, ಅವುಗಳ ಮೇಲೆ ಮೊದಲು ಮೇಣದಲ್ಲಿ ಹಲ್ಲು ಕೂರಿಸುವುದು. ಆ ಮೇಣದ ಸೆಟ್ಟನ್ನು ಒಂದು ಸಲ ಬಾಯಿಗೆ ಇಟ್ಟು ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಗಟ್ಟಿ ಸೆಟ್ಟು ಮಾಡುತ್ತಾರೆ. ಗಟ್ಟಿಯಾದ ಮೇಲೆ ಬ್ರಹ್ಮ ಬಂದರೂ ಹಲ್ಲು ಅಲ್ಲಾಡಿಸಲಾರ.

ಬೇರೆ ಲ್ಯಾಬಿನವರು ಮೇಣದ ಸೆಟ್ಟನ್ನು ಯಾರ ಕೈಲಾದರೂ ಕಳಿಸುತ್ತಾರೆ. ಅಕ್ಕ ಹಾಗೆ ಮಾಡುವವಳಲ್ಲ. ಸಂಜೆ ಮುಗಿಸಿದ ಸೆಟ್ಟನ್ನು ಮನೆಗೆ ತಂದು, ಬೆಳಿಗ್ಗೆ ಹೋಗುವ ದಾರಿಯಲ್ಲಿ ತಾನೇ ಆಸ್ಪತ್ರೆಗೆ ಒಯ್ದು, ಡಾಕ್ಟರು ಅದನ್ನು ಬಾಯಿಗಿಡುವಾಗ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. "ಸ್ವಲ್ಪ ನಗಿ" ಅನ್ನುತ್ತಿದ್ದಳು. ಬಾಯಿ ಬಿಟ್ಟು ತೋರಿಸುವುದು ಬೇರೆ, ನಗುವುದು ಬೇರೆ ಅಂತ ಅವಳ ಲೆಕ್ಕ. ನಗಿಸದೆ ಬಿಡುತ್ತಿರಲಿಲ್ಲ. ಒಬ್ಬ ಮುದುಕರು "ಹಲ್ಲಿದ್ದಾಗ ಕಡಲೆ ಇರಲಿಲ್ಲಮ್ಮ" ಅಂತ ಗಾದೆ ಎತ್ತಿದರೆ, "ಹಲ್ಲು ನಾನು ಕೊಡ್ತೀನಿ, ಕಡಲೆ ನೀವೇ ನೋಡ್ಕೊಳ್ಳಿ" ಅಂದಿದ್ದಳು. ಅವರು ನಕ್ಕರು, ಅವಳಿಗೆ ಬೇಕಾದದ್ದು ಕಂಡಿತು. ಅಚ್ಚಿನಲ್ಲಿ ಬಾಯಿ ಇರುತ್ತದೆ, ಮುಖ ಇರುವುದಿಲ್ಲ ಎಂದು ಅವಳು ತಮ್ಮನಿಗೆ ಎಷ್ಟೋ ಸಲ ಹೇಳಿದ್ದಳು. ಅವನು ಹೂಂ ಅಂದು ದಾರ ಪೋಣಿಸುತ್ತಿದ್ದ.

ಇಷ್ಟು ಕಾಲ ಎಲ್ಲವನ್ನೂ ಬೆನ್ನಚೀಲದಲ್ಲೇ ಹೊತ್ತಿದ್ದಳು. ಪ್ಲಾಸ್ಟರು ಅಂದರೆ ಕಲ್ಲೇ ಸರಿ. ಕೊನೆಗೊಂದು ದಿನ ಭುಜ ಹಿಡಿದುಕೊಂಡು ಕೈ ಮೇಲೆತ್ತಲು ಬಾರದಾಯಿತು. ಬೆನ್ನಿಗೆ ಇನ್ನು ಭಾರ ಹಾಕಕೂಡದು ಅಂದರು ಡಾಕ್ಟರು. ಲ್ಯಾಬಿನ ಮಾಲೀಕರು ಕೆಟ್ಟವರಲ್ಲ, ಅವಸರದವರು.

"ಮೋಟಾರ್ ಸೈಕಲ್ಲಿನವನೊಬ್ಬನನ್ನ ಗೊತ್ತುಮಾಡ್ತೀನಿ. ತರೋದು, ಒಯ್ಯೋದು ಎಲ್ಲ ಅವನೇ ಮಾಡ್ತಾನೆ. ನೀವು ಮೇಜು ಬಿಟ್ಟು ಏಳೋದೇ ಬೇಡ" ಅಂದರು.

"ಮುಖ ನೋಡದೆ ಹಲ್ಲು ಹೇಗೆ ಕೂರಿಸಲಿ ಸಾರ್?"

"ಎಲ್ಲರೂ ಕೂರಿಸ್ತಾರಲ್ಲಮ್ಮ."

"ಅದಕ್ಕೇ ಎಲ್ಲರೂ ಒಂದೇ ಥರ ನಗ್ತಾರೆ. ಬೆನ್ನಿಗೆ ಹಾಕದೆ ತರೋ ದಾರಿ ಹುಡುಕ್ತೀನಿ. ಸ್ವಲ್ಪ ದಿನ ತಡೀರಿ."

ತಡೆಯುತ್ತೇನೆ, ಆದರೆ ಸಾಮಾನು ಕೆಟ್ಟರೆ ಮಾತಿಲ್ಲ ಅಂದರು ಮಾಲೀಕರು.

ಅಂದು ಸಂಜೆ ಅಕ್ಕ ಸೈಕಲ್ಲನ್ನು ಅಂಗಡಿಯ ಒಳಕ್ಕೇ ನುಗ್ಗಿಸಿದಳು. ತಮ್ಮ ಒಂದು ಬುಟ್ಟಿ ತೋರಿಸಿದ. "ಮುಂದಿನ ಬುಟ್ಟಿಯಲ್ಲಿ ಹಾಕಿದ್ರೆ ಗುಂಡಿಗೊಂದು ದವಡೆ ಒಡೀತದೆ" ಅಂದಳು. ಹೆಗಲಿಗೆ ಅಡ್ಡ ಹಾಕುವ ಚೀಲ ಕೊಟ್ಟ. ಬಾಗಿದರೆ ಜಾರಿ ಚಕ್ರದ ಹತ್ತಿರ ಬರುತ್ತದೆ, ಅದೂ ಬೇಡ. ಕ್ಯಾರಿಯರಿನ ಮೇಲಿಟ್ಟು ಹಗ್ಗ ಬಿಗಿದರೆ ಅಚ್ಚಿನ ಮೂಲೆಗಳು ಉದುರುತ್ತವೆ. ಉಳಿದದ್ದು ಕ್ಯಾರಿಯರಿನ ಪಕ್ಕಕ್ಕೆ ನೇತುಹಾಕುವ ಚೀಲ. ಅದನ್ನು ಹೊಲಿದು ಕಟ್ಟಿ, ಓಣಿಯಲ್ಲಿ ಒಂದು ಸುತ್ತು ಹೋಗಿ ಬಾ ಅಂದ. ಪೆಡಲು ತುಳಿದಾಗಲೆಲ್ಲ ಹಿಮ್ಮಡಿ ಚೀಲಕ್ಕೆ ಒದೆಯುತ್ತಿತ್ತು.

"ನಿನ್ನ ಕಾಲೇ ಉದ್ದ" ಅಂದ ತಮ್ಮ.

"ಚೀಲಕ್ಕೆ ತಕ್ಕ ಹಾಗೆ ಕಾಲು ಕತ್ತರಿಸ್ಕೊಳ್ಳಲೇನೋ?"

ಕತ್ತರಿಸಿದ್ದು ಚೀಲದ ಮೂಲೆಯನ್ನು. ಹಿಂದಕ್ಕೆ ಸರಿಸಿ ಕಟ್ಟಿದ್ದೂ ಆಯಿತು. ಆಗ ಸೈಕಲ್ಲು ಒಂದೇ ಕಡೆ ವಾಲತೊಡಗಿತು, ಅವಳು ಅತ್ತ ತಿರುಗಿಸಿದರೆ ಅದು ಇತ್ತ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ಜೋಡಿ ಚೀಲವೇ ಬೇಕು ಎಂದು ತಮ್ಮ ಹಟಕ್ಕೆ ಬಿದ್ದ. ಕಪ್ಪು ರೆಕ್ಸಿನ್ನು, ಒಳಗೆಲ್ಲ ದಪ್ಪ ಸ್ಪಂಜು, ಹೊಲಿಗೆಯ ಮೇಲೆ ಅಂಟಿನ ಪಟ್ಟಿ. ಬಲಕ್ಕೆ ಅಚ್ಚುಗಳು. ತೂಕ ಸಮ ಆಗಲೆಂದು ಎಡಕ್ಕೆ ಅವಳ ಊಟದ ಡಬ್ಬಿ, ಏಪ್ರನ್ನು, ಅವುಗಳ ಮಗ್ಗುಲಲ್ಲೇ ಮೇಣದ ಸೆಟ್ಟಿಗೆಂದು ಮೆತ್ತನೆಯ ಒಂದು ಕಿಸೆ. "ತೊಟ್ಟಿಲಲ್ಲಿ ಮಲಗಿಸಿದ ಹಾಗಿರುತ್ತೆ" ಅಂತ ಮೀಸೆಯಡಿ ನಕ್ಕ. ಅಕ್ಕ ಅದನ್ನೇ ಆರಿಸಿದಳು. ಇಬ್ಬರ ತಲೆಯಲ್ಲೂ ಇದ್ದದ್ದು ಕುಲುಕಾಟ ಒಂದೇ.

ಮೊದಲ ಸವಾರಿಯಲ್ಲಿ ಹೋದದ್ದು ಒಬ್ಬ ತುತ್ತೂರಿಯವರ ಸೆಟ್ಟು. ಬ್ಯಾಂಡಿನಲ್ಲಿ ತುತ್ತೂರಿ ಊದಿ ಬದುಕಿದವರು, ಮುಂದಿನ ಹಲ್ಲೆಲ್ಲ ಹೋಗಿ ವಾದ್ಯ ಗೂಡು ಸೇರಿತ್ತು. ಆಸ್ಪತ್ರೆಯಲ್ಲಿ ಅಕ್ಕ ಕಿಸೆಗೆ ಕೈ ಹಾಕಿದಳು, ಬೆರಳಿಗೆ ಬಿಸಿ ತಗುಲಿತು. ಎಡಗಡೆ ಉದ್ದಕ್ಕೂ ಬಿಸಿಲು, ಕಪ್ಪು ರೆಕ್ಸಿನ್ನು, ಪಕ್ಕದಲ್ಲಿ ಒಲೆಯಿಂದ ಆಗತಾನೆ ಇಳಿಸಿ ತುಂಬಿದ ಊಟ, ಆ ಬಿಸಿಯೆಲ್ಲ ಹೊರಗೆ ಹೋಗದಂತೆ ಸುತ್ತಲೂ ಸ್ಪಂಜು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೇಣ ಮೆತ್ತಗಾಗಿ ಮುಂದಿನ ಹಲ್ಲುಗಳು ಬಸ್ಸಿನಲ್ಲಿ ನಿದ್ದೆಹೋದವರ ಹಾಗೆ ಒಂದರ ಹೆಗಲ ಮೇಲೊಂದು ಒರಗಿದ್ದವು. ದಿನಾ ದೀಪದ ಮುಂದೆ ಮೇಣ ಕರಗಿಸುವ ಹೆಂಗಸಿಗೆ ಇಷ್ಟು ಹೊಳೆದಿರಲಿಲ್ಲ.

ಕುರ್ಚಿಯಲ್ಲಿದ್ದ ತುತ್ತೂರಿಯವರು ಇಣುಕಿ ನೋಡಿದರು. "ಪರವಾಗಿಲ್ಲಮ್ಮ, ನನ್ನ ಸ್ವಂತ ಹಲ್ಲೂ ಕೊನೆಕೊನೆಗೆ ಹೀಗೇ ಇದ್ದವು."

ಡಾಕ್ಟರು ಮಾಲೀಕರಿಗೆ ಫೋನು ಮಾಡದೆ ಬಿಡಲಿಲ್ಲ. ಮಾಲೀಕರು ಬೈಯಲಿಲ್ಲ. ಅದೇ ಕಷ್ಟವಾಯಿತು. "ಇನ್ನು ಮೋಟಾರ್ ಸೈಕಲ್ಲಿನವನೇ ಬರ್ತಾನಮ್ಮ" ಅಂದರು. ಈ ಸೆಟ್ಟೊಂದನ್ನು ಮತ್ತೆ ಮಾಡಿ ನಾನೇ ಒಯ್ಯುತ್ತೇನೆ, ಇದೂ ಕೆಟ್ಟರೆ ನೀವು ಹೇಳಿದ ಹಾಗೆ ಮೇಜು ಬಿಟ್ಟು ಏಳುವುದಿಲ್ಲ ಎಂದು ಅಕ್ಕ ಮಾತು ಕೊಟ್ಟಳು.

ಸುದ್ದಿ ಕೇಳಿ ತಮ್ಮ ಕೆಂಡವಾದ. "ಬಿಸಿ ಡಬ್ಬಿ ಅಲ್ಲಿಡು ಅಂತ ಯಾರು ಹೇಳಿದ್ದು ನಿಂಗೆ?"

"ನೀನೇ."

ಅವನು ಕತ್ತರಿಯನ್ನು ಮೇಜಿನ ಈ ಕಡೆಯಿಂದ ಆ ಕಡೆಗಿಟ್ಟ. ಆಮೇಲೆ ಇನ್ನೊಂದು ಪದರ ಸ್ಪಂಜು ಹಾಕುತ್ತೇನೆ, ಒಳಗೆ ಬೆಳ್ಳಿಬಣ್ಣದ ಹಾಳೆ ಹಾಕುತ್ತೇನೆ ಅಂತ ಶುರುಮಾಡಿದ. ಅಕ್ಕ ಅವನು ಸುಮ್ಮನಾಗುವವರೆಗೂ ಕಾದಳು.

"ಸೆಟ್ಟನ್ನ ಬೇರೆ ಒಂದು ಡಬ್ಬಿಯಲ್ಲಿಟ್ಟು, ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದ್ರೆ ಮೇಣ ಕಲ್ಲಿನ ಹಾಗಿರುತ್ತೆ. ಆದ್ರೆ ನಿನ್ನ ಚೀಲದೊಳಗೆ ಗಾಳಿ ಆಡಲ್ಲ. ಮಣ್ಣಿನ ಹೂಜಿ ಥರ ನೀರು ಜಿನುಗೋ ಅಂಥ ಚೀಲ ಬೇಕು ಕಣೋ, ಇಡೀ ಚೀಲವೇ ಒದ್ದೆಯಾಗಿರಬೇಕು."

"ಸೋರೋ ಚೀಲ ಹೊಲಿ ಅಂತೀಯಾ? ನಾನು?"

"ನಿನ್ನ ಕೈಲಾಗದಿದ್ರೆ ಹೇಳು, ಬೇರೆಯವರ ಹತ್ತಿರ ಹೋಗ್ತೀನಿ."

ಅದು ನಾಟಿತು. ಇಡೀ ಬೀದಿಗೆ ಕೇಳುವಂತೆ ಕೂಗಾಡಿ, ಮರುದಿನ ಬೆಳಿಗ್ಗೆ ಬಣ್ಣ ಹಾಕದ ದಪ್ಪ ಕ್ಯಾನ್ವಾಸಿನ ಥಾನು ಎಳೆದ. ಇಷ್ಟು ವರ್ಷ ಒಂದು ಹನಿ ಒಳಗೆ ಬಿಡದ ಕೈ, ನೀರು ಹೊರಗೆ ಬರಲೆಂದು ಅಡಿಯ ಹೊಲಿಗೆಯನ್ನು ಸಡಿಲ ಮಾಡಿತು. ಚೀಲ ಚಿಕ್ಕದು, ಒಂದು ಡಬ್ಬಿಯ ಅಳತೆಯದು. ಗಾಳಿ ನೇರ ಬಡಿಯಲೆಂದು ಹ್ಯಾಂಡಲಿನ ನಡುವೆ ಜಾಗ ಆರಿಸಿದರು. ಆದರೆ ಕುಲುಕಾಟ ಹೆಚ್ಚು ಇರುವುದೂ ಅಲ್ಲೇ. ಹಳೆಯ ಸೈಕಲ್ ಟ್ಯೂಬೊಂದನ್ನು ತಮ್ಮ ಪಟ್ಟಿಪಟ್ಟಿಯಾಗಿ ಕೊಯ್ದು ಅದರಿಂದ ಚೀಲವನ್ನು ತೂಗುಹಾಕಿದ. ಗುಂಡಿ ಬಂದರೆ ಟ್ಯೂಬು ಹಿಗ್ಗುತ್ತದೆ, ಚೀಲ ತೂಗಿ ನಿಲ್ಲುತ್ತದೆ.

ಅಕ್ಕ ಬಾಯಿಮಾತು ನಂಬುವವಳಲ್ಲ. ಒಂದು ಮೇಣದ ಉಂಡೆಗೆ ಹಲ್ಲು ಚುಚ್ಚಿ, ಡಬ್ಬಿಯಲ್ಲಿಟ್ಟು ಮುಚ್ಚಿ, ಚೀಲ ನೆನೆಸಿ, ನೆತ್ತಿ ಸುಡುವ ಬಿಸಿಲಲ್ಲಿ ಸೇತುವೆಗೆ ಹೋಗಿಬಂದಳು. ಉಗುರಿನಿಂದ ಒತ್ತಿದರೆ ಗುರುತು ಬೀಳಲಿಲ್ಲ. ತಮ್ಮ ತಾನೂ ಒತ್ತಿ ನೋಡಿದ.

ತುತ್ತೂರಿಯವರ ಹೊಸ ಸೆಟ್ಟು ಹೊರಟ ದಿನ ಅವನು ಅಂಗಡಿಗೆ ಬೀಗ ಹಾಕಿ, ಪಕ್ಕದ ಮನೆಯವರ ಸೈಕಲ್ಲು ತೆಗೆದುಕೊಂಡು ಹಿಂದೆ ಹೊರಟ. ಭುಜ ನೋವಿನ ಅಕ್ಕ ಏರು ಹತ್ತಿ ಹೋಗಿಬಿಟ್ಟಳು, ಇವನು ಇಳಿದು ತಳ್ಳಿಕೊಂಡು ಬಂದ. ಆಸ್ಪತ್ರೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಾಗ ಡಬ್ಬಿ ತೆಗೆಯುತ್ತಿದ್ದರು. ಹಲ್ಲು ಒಂದೂ ಕದಲಿರಲಿಲ್ಲ. ಡಾಕ್ಟರು ಬಾಯಿಗಿಟ್ಟು, "ಚೆನ್ನಾಗಿದೆಯಲ್ಲ" ಅಂದರು.

ಅಕ್ಕ ಚೆನ್ನಾಗಿದೆ ಅನ್ನಲಿಲ್ಲ. "ಒಂದು ಮಾತು ಹೇಳಿ, ಊದೋವಾಗ ನಿಮ್ಮನ್ನ ಕಂಡ್ರೆ ಮನೆಯವರು ಏನಂತಿದ್ರು?"

"ಕೆನ್ನೆ ಊದಿಸ್ಕೊಂಡು ಕಪ್ಪೆ ಥರ ಕಾಣ್ತೀರಿ ಅಂತಿದ್ಲು" ಎಂದು ಅವರು ನಕ್ಕರು. ನಗುವಾಗ ತುಟಿ ಒಂದು ಕಡೆ ಹೆಚ್ಚು ಮೇಲೆ ಹೋಯಿತು. ತುತ್ತೂರಿ ಒತ್ತಿ ಒತ್ತಿ ಆ ತುಟಿ ಹಾಗೇ ಪಳಗಿತ್ತು. ಯಾವ ಅಚ್ಚಿನಲ್ಲೂ ಅದು ಬರುವಂಥದ್ದಲ್ಲ. ಅಕ್ಕ ಸೆಟ್ಟನ್ನು ಇಸಿದುಕೊಂಡು, ಚಿಕ್ಕ ಚಾಕು ಬಿಸಿಮಾಡಿ, ಒಂದು ಹಲ್ಲನ್ನು ಕೂದಲೆಳೆಯಷ್ಟು ಸರಿಸಿ, ಪಕ್ಕದ್ದನ್ನು ಅಷ್ಟೇ ತಿರುಗಿಸಿದಳು. ಮತ್ತೆ ಬಾಯಿಗಿಟ್ಟರು. ಅವರು ಕನ್ನಡಿ ನೋಡಿಕೊಳ್ಳಲಿಲ್ಲ. ಜೇಬಿನಿಂದ ತುತ್ತೂರಿಯ ತುದಿಗೆ ಸಿಕ್ಕಿಸಿ ಊದುವ ಬಾಯಿಬಟ್ಟಲು ತೆಗೆದು, ಊದದೆ ಬರೀ ತುಟಿಗೆ ತಾಗಿಸಿ, ಕಣ್ಣು ಮುಚ್ಚಿ ಕೂತರು. ಅಕ್ಕ ಇಷ್ಟು ವರ್ಷ ಹೇಳುತ್ತಿದ್ದದ್ದು ಏನೆಂದು ತಮ್ಮನಿಗೆ ಅಂದು ಬಾಗಿಲಲ್ಲಿ ನಿಂತಾಗ ತಿಳಿಯಿತು.

ಮಾಲೀಕರಿಗೆ ಡಾಕ್ಟರೇ ಫೋನು ಮಾಡಿದರು. ಅಕ್ಕ ಫೋನನ್ನು ಕೈಗೆ ತೆಗೆದುಕೊಂಡಾಗ ಮಾಲೀಕರು, "ಅಚ್ಚುಗಳನ್ನ ಮೋಟಾರ್ ಸೈಕಲ್ಲಿನವನೇ ತರ್ಲಿ, ನಿಮ್ಮ ಭುಜ ನೋಡ್ಕೊಳ್ಳಿ. ಮೇಣದ್ದು ಮಾತ್ರ ನೀವೇ ಒಯ್ಯಿರಿ" ಅಂದರು.

"ಆಯ್ತು ಸಾರ್" ಅಂದಳು. ಅವಳು ಕೇಳಿದ್ದೂ ಅಷ್ಟೇ.

ಹೊರಗೆ ಬೆಂಚಿನ ಮೇಲೆ ಬಾಯಿಗೆ ಕರವಸ್ತ್ರ ಹಿಡಿದ ಒಬ್ಬಾಕೆ ಕೂತಿದ್ದಳು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಕ್ಕ ಹೋಗಿ ಅವಳ ಪಕ್ಕದಲ್ಲಿ ಕೂತಳು, ಏನೋ ಕೇಳಿದಳು. ಹೆಂಗಸು ಮೊದಲು ಇಲ್ಲವೆಂಬಂತೆ ತಲೆಯಾಡಿಸಿದಳು, ಆಮೇಲೆ ಕರವಸ್ತ್ರದ ಮೇಲಿನ ಕಣ್ಣು ನಗುವಿಗೆ ಸ್ವಲ್ಪ ಸಣ್ಣದಾಯಿತು. ಇದು ಬೇಗ ಮುಗಿಯುವ ಮಾತಲ್ಲ ಎಂದು ತಮ್ಮ ಅಂಗಳಕ್ಕಿಳಿದ. ಬಿಸಿಲಲ್ಲಿ ನಿಂತಿದ್ದ ಅಕ್ಕನ ಸೈಕಲ್ಲನ್ನು ನೆರಳಿಗೆ ಎಳೆದ. ಚೀಲ ಒಣಗುತ್ತ ಬಂದಿತ್ತು. ನಲ್ಲಿಯ ಕೆಳಗೆ ಬೊಗಸೆ ಹಿಡಿದು ನೀರು ತಂದು, ತಾನು ಹೊಲಿದ ಚೀಲದ ಮೇಲೆ ತಾನೇ ಸುರಿಯತೊಡಗಿದ.