ಆರು ಕಾಪಿ ಹೆಚ್ಚಿಗೆ

ಬೆಳಿಗ್ಗೆ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಆ ವಾಸನೆಗೆ ನನಗೆ ಸಿಟ್ಟು ಬರುತ್ತದೆ.

ನಮ್ಮ ನೈರೋಬಿಯ ಹೈಸ್ಕೂಲಿನಲ್ಲಿ ಕೊನೆಯ ವರ್ಷದ ಫೋಟೋಗೆ ಇಷ್ಟಬಂದ ಬಟ್ಟೆ ಹಾಕಬಹುದಿತ್ತು. ನಾನಾಗ ಬ್ಯಾಸ್ಕೆಟ್‌ಬಾಲ್ ಕ್ಯಾಪ್ಟನ್. ತಂಡದ ಹಸಿರು ಬ್ಲೇಜರನ್ನು ಹಿಂದಿನ ದಿನವೇ ಇಸ್ತ್ರಿ ಮಾಡಿಟ್ಟಿದ್ದೆ. ಅಮ್ಮ ನುಸಿಗುಳಿಗೆ ವಾಸನೆ ಹೊಡೆಯುತ್ತಿದ್ದ ತನ್ನ ಕನಕಾಂಬರ ಬಣ್ಣದ ರೇಷ್ಮೆ ಸೀರೆ ತಂದಳು.

"ಇದನ್ನ ಉಟ್ಕೋ."

"ಬ್ಲೇಜರ್ ಹಾಕ್ಕೋತೀನಮ್ಮ."

"ಹಠ ಮಾಡ್ಬೇಡ. ಫೋಟೋ ಜೀವನಪೂರ್ತಿ ಇರತ್ತೆ."

ತುಟಿಗಳ ನಡುವೆ ಪಿನ್ನು ಕಚ್ಚಿಕೊಂಡೇ ನೆರಿಗೆ ಹಿಡಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಫೋಟೋ ಬಂದಾಗ ಅಮ್ಮ ಆರು ಕಾಪಿ ಹೆಚ್ಚಿಗೆ ಹಾಕಿಸಿದಳು. ನೆಂಟರಿಗಿರಬೇಕು ಎಂದುಕೊಂಡೆ. ರಜೆಯಲ್ಲಿ ಮೈಸೂರಿಗೆ ಹೋದಾಗ ಗುರುತಿಲ್ಲದ ಹೆಂಗಸೊಬ್ಬರು ಅಜ್ಜಿಯ ಮನೆಗೆ ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫೋಟೋದಲ್ಲಿ ಇನ್ನೂ ಸ್ವಲ್ಪ ಬೆಳ್ಳಗಿದ್ಲಲ್ಲ" ಎಂದರು. ಅವರ ಕೈಯಲ್ಲಿ ನನ್ನ ಶಾಲೆಯ ಫೋಟೋ ಇತ್ತು. ಅದಕ್ಕೆ ನನ್ನ ಜಾತಕ ಪಿನ್ ಮಾಡಿತ್ತು. ನನಗಾಗ ಹದಿನೇಳು. ಅಮ್ಮ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

ಇವತ್ತು ನನ್ನ ಮಗಳ ಕೊನೆಯ ವರ್ಷದ ಫೋಟೋ. ಫುಟ್‌ಬಾಲ್ ಜರ್ಸಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಮಮ್ಮಿ, ವಿ ಆರ್ ಲೇಟ್" ಅನ್ನುತ್ತಿದ್ದಳು. ಊರಿನ ಇನ್ನೊಂದು ಬಡಾವಣೆ ಲಂಗಾಟಾದಿಂದ ಅಮ್ಮ ಫೋನಿನಲ್ಲಿದ್ದಳು. ನಾನು ಬೀರು ತೆಗೆದದ್ದೇ ಅವಳ ಮಾತಿಗೆ.

"ನಿಂಗೆ ಕೊಟ್ಟಿದ್ನಲ್ಲ, ಆ ಕನಕಾಂಬರದ ಸೀರೆ ಉಡ್ಸೇ. ಲಕ್ಷಣವಾಗಿ ಕಾಣ್ತಾಳೆ."

ಬೀರು ಮುಚ್ಚಿದೆ.

"ಎಷ್ಟು ಕಾಪಿ ಹೆಚ್ಚಿಗೆ ಹಾಕಿಸ್ಲಮ್ಮ?" ಎಂದೆ.

ಫೋನ್ ಇಟ್ಟು, ಜರ್ಸಿಯಲ್ಲೇ ಮಗಳನ್ನು ಕರೆದುಕೊಂಡು ಹೊರಟೆ.