ಎಲ್ಲದಕ್ಕೂ ‘ಇಲ್ಲ’ ಒತ್ತುವವನು

ಮೌಸನ್ನು ಆತ ಎರಡೇ ಬೆರಳಲ್ಲಿ, ಥರ್ಮಾಮೀಟರ್ ಹಿಡಿದ ಹಾಗೆ ಹಿಡಿಯುತ್ತಿದ್ದ. ಇಂಟರ್‌ನೆಟ್ ಇನ್ನೂ ಹೊಸತಾಗಿದ್ದ ಕಾಲ. ಹೊಸದುರ್ಗದ ಬಸ್ ನಿಲ್ದಾಣದ ಹಿಂದೆ ಆತನದೊಂದು ಸೈಬರ್ ಅಂಗಡಿ. ಪರೀಕ್ಷೆಯ ಫಲಿತಾಂಶ ನೋಡಿಕೊಡುತ್ತಿದ್ದವನು ಕ್ರಮೇಣ ವಿದೇಶಿ ವೆಬ್‌ಸೈಟುಗಳಿಂದ ಮಾತ್ರೆಗಳನ್ನೂ ತರಿಸಿಕೊಡತೊಡಗಿದ. ಯಾರೋ ತಮಾಷೆಗೆ ‘ಡಾಕ್ಟ್ರೇ’ ಎಂದರು, ಆತ ನಂಬಿಬಿಟ್ಟ. ‘ಫಾರಿನ್ ಮಾಲು ಕಣ್ರಿ’ ಎಂಬುದು ಆತನ ಪಲ್ಲವಿ.

ಮೆಡಿಕಲ್ ಶಾಪಿನವರಾದರೂ ಒಮ್ಮೊಮ್ಮೆ ಡಾಕ್ಟರ ಚೀಟಿ ಕೇಳುತ್ತಿದ್ದರು. ಆತನನ್ನು ಕೇಳುವವರೇ ಇರಲಿಲ್ಲ. ಆ ಕಾಯಿಲೆ ಇದೆಯೇ, ಈ ಕಾಯಿಲೆ ಇದೆಯೇ ಎಂದು ವೆಬ್‌ಸೈಟು ಕೇಳಿದ್ದಕ್ಕೆಲ್ಲ ಓದದೆಯೇ ‘ಇಲ್ಲ’ ಒತ್ತುತ್ತಿದ್ದ. ಚೀಟಿ ಇದೆಯೇ ಎಂದಾಗ ಮಾತ್ರ ‘ಇದೆ’.

ಒಂದು ಸಂಜೆ ಅಮ್ಮ ಮಂಡಿನೋವಿನ ಮಾತ್ರೆಗೆಂದು ಹೋದಾಗ ನಾನೂ ಜೊತೆಗಿದ್ದೆ. ಹೊಟ್ಟೆಹುಣ್ಣಿನ ಪ್ರಶ್ನೆಗೂ ಆತ ‘ಇಲ್ಲ’ ಒತ್ತಿದ.

“ಅಮ್ಮನಿಗೆ ಹುಣ್ಣಿದೆ. ಹೋದ ವರ್ಷ ರಕ್ತ ವಾಂತಿಯಾಗಿತ್ತು,” ಎಂದೆ.

ಆತ ನನ್ನನ್ನು ನೋಡದೆ ಅಮ್ಮನ ಕಡೆ ತಿರುಗಿದ. “ಐತೆ ಅಂತ ಒತ್ತಿದ್ರೆ ಮಾತ್ರೆ ಕೊಡಲ್ಲ ಅಕ್ಕಾರೆ. ಏನ್ ಮಾಡ್ಲಿ ಹೇಳ್ರಿ?”

“ಇಲ್ಲ ಅಂತ್ಲೇ ಇರ್ಲಪ್ಪ,” ಎಂದಳು ಅಮ್ಮ. ನನಗೆ, “ಸುಮ್ಕಿರೇ, ಕಾಲೇಜು ಕಲ್ತೋಳು ಬಂದ್ಲು.”

“ಹಂಗನ್ರಿ ಮತ್ತೆ,” ಎಂದು ಆತ ನಕ್ಕ. ಹುಣ್ಣನ್ನು ತಾನೇ ವಾಸಿಮಾಡಿದಷ್ಟು ತೃಪ್ತಿ ಆ ಮುಖದಲ್ಲಿತ್ತು.

ಪಾರ್ಸೆಲ್ ಬರುವುದಕ್ಕೆ ಎರಡು ವಾರವಿತ್ತು. ಮರುದಿನ ಬೆಳಿಗ್ಗೆಯೇ ಅಮ್ಮನನ್ನು ಒತ್ತಾಯದಿಂದ ಚಿತ್ರದುರ್ಗದ ಮೂಳೆ ಡಾಕ್ಟರ ಬಳಿ ಕರೆದೊಯ್ದೆ. ಹೊಟ್ಟೆಹುಣ್ಣು ಇದೆಯೇ ಎಂದು ಅವರು ಕೇಳಿದರು. ಮಾತ್ರೆ ತಪ್ಪೀತೆಂದು ಅಮ್ಮ ‘ಇಲ್ಲ’ ಎಂದಳು. ಅವಳ ಕೈ ಹಿಡಿದುಕೊಂಡು ನಾನು ‘ಇದೆ’ ಎಂದೆ.