ಕತ್ತರಿ ಅಕ್ಕನ ಹದಿನೈದು ನಿಮಿಷ

ನಮ್ಮ ಪತ್ರಿಕೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವಳು ಕತ್ತರಿ ಅಕ್ಕ. ನನಗಿಂತ ಎರಡು ವರ್ಷ ಚಿಕ್ಕವಳು, ಆದರೂ ನಾನು ಅಕ್ಕ ಅಂತಲೇ ಕರೆಯುತ್ತೇನೆ; ಹೆದರಿಕೆ, ಇನ್ನೇನು! ಮೈದಾನದ ಅಂಚಿನಲ್ಲಿ ಎರಡು ಗಂಟೆ ಕೂತು, ಸೊಂಟ ಹಿಡಿಸಿಕೊಂಡು ನಾನು ತೆಗೆದ ಆರುನೂರು ಫೋಟೊಗಳನ್ನು ಅವಳು ಐದು ನಿಮಿಷದಲ್ಲಿ ಮುಗಿಸುತ್ತಾಳೆ. "ಬೇಡ, ಬೇಡ, ಇದನ್ನ ಯಾಕಪ್ಪಾ ತೆಗ್ದೆ, ಬೇಡ." ಉಳಿದ ಒಂದೆರಡಕ್ಕೂ ನಾಲ್ಕು ಕಡೆಯಿಂದ ಕತ್ತರಿ. ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಮರುದಿನ ಪತ್ರಿಕೆ ಬಿಡಿಸಿದರೆ ಫೋಟೊಗೆ ಜೀವ ಬಂದಿರುತ್ತದೆ, ಕೆಳಗೆ ಹೆಸರು ನನ್ನದಿರುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೇನೆ.

ಪಂದ್ಯದ ದಿನ ಅವಳು ಕೆಲಸ ಮಾಡುವ ಕೋಣೆ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗಿದೆ. ಪ್ರೇಕ್ಷಕರು ಕುಣಿದಾಗಲೆಲ್ಲ ಮೇಲಿಂದ ಸುಣ್ಣ ಉದುರುತ್ತದೆ. ಅವಳು ಉಫ್ ಉಫ್ ಎಂದು ಊದಿಕೊಂಡೇ ಕೀಬೋರ್ಡು ಒತ್ತುತ್ತಾಳೆ. ಹದಿನೆಂಟು ವರ್ಷದಲ್ಲಿ ಒಂದು ಪಂದ್ಯವನ್ನೂ ಕಣ್ಣಾರೆ ನೋಡಿಲ್ಲ. ಗೋಲಾಯಿತು ಅಂತ ಅವಳಿಗೆ ಗೊತ್ತಾಗುವುದೇ ಸುಣ್ಣ ಉದುರಿದ್ದರಿಂದ.

ಅವಳ ಕತ್ತರಿಗೆ ಮೊದಲು ಸಿಗುವವರು ರೆಫರಿ. "ಆಡೋರಿಗೇ ಜಾಗ ಇಲ್ಲ, ಇವರೆಲ್ಲಿ ಬಂದ್ರು ಮಧ್ಯ?" ಅನ್ನುತ್ತಾಳೆ. ತಮಾಷೆ ಏನು ಗೊತ್ತೇ? ನಮ್ಮೂರ ಫುಟ್‌ಬಾಲ್ ಪಂದ್ಯಗಳ ಕಾಯಂ ರೆಫರಿ ಅವಳ ಸ್ವಂತ ಅಕ್ಕನ ಗಂಡ. ಇಪ್ಪತ್ತು ವರ್ಷ ಓಡಿದ ಮನುಷ್ಯನ ಮುಖ ಒಂದು ದಿನವೂ ನಮ್ಮ ಪತ್ರಿಕೆಯಲ್ಲಿ ಬಂದಿಲ್ಲ.

ಮೊನ್ನೆ ಭಾನುವಾರ ಅವರ ಕೊನೆಯ ಪಂದ್ಯ, ಅದೂ ಫೈನಲ್. ಬೆಳಗ್ಗೆಯೇ ರೆಫರಿಯ ಹೆಂಡತಿ, ನಮ್ಮೆಲ್ಲರ ದೊಡ್ಡಕ್ಕನ ಫೋನು ಬಂತು.

"ಇವತ್ತಾದ್ರೂ ಅವರ ಮುಖ ಹಾಕೇ. ನಿಂಗೆ ಕೈ ಮುಗೀತೀನಿ."

"ನೋಡೋಣ ಕಣೇ. ಸಂಬಂಧ ನೋಡ್ಕೊಂಡು ಪೇಪರ್ ಮಾಡಕ್ಕಾಗಲ್ಲ," ಎಂದು ಇವಳು ಬಿಗಿದುಕೊಂಡಳು. ಆದರೆ ನಾನು ಕ್ಯಾಮೆರಾ ಎತ್ತಿಕೊಂಡು ಹೊರಟಾಗ, "ಭಾವಂದು ಒಂದೆರಡು ಜಾಸ್ತಿ ತೆಗಿ" ಎಂದು ಗೊಣಗಿದಳು.

ಕೊನೆಯ ನಿಮಿಷದವರೆಗೂ ಒಂದೂ ಗೋಲಿಲ್ಲ. ಆಗ ಹೊರಗಿನ ತಂಡದವನೊಬ್ಬ ಒದ್ದ ಚೆಂಡು ಗೋಲಿನ ಅಡ್ಡಕಂಬಕ್ಕೆ ಬಡಿದು ನೆಟ್ಟಗೆ ಕೆಳಗೆ ಬಿತ್ತು. ಗೋಲ್‌ಕೀಪರ್ ಕಣ್ಣು ಮಿಟುಕಿಸುವುದರೊಳಗೆ ಅದನ್ನು ಬಾಚಿ ಹೊರಗೆಳೆದ. ಬಿದ್ದದ್ದು ಗೆರೆಯ ಈಚೆಗೋ ಆಚೆಗೋ? ರೆಫರಿ ಸೀಟಿ ಊದಿ ಗೋಲು ಕೊಟ್ಟೇಬಿಟ್ಟರು. ನಮ್ಮೂರ ತಂಡ ಸೋತಿತು. ಇಡೀ ಕ್ರೀಡಾಂಗಣ "ಮೋಸ, ಮೋಸ" ಎಂದು ಕೂಗಿತು.

ನಾನು ಏದುಸಿರು ಬಿಡುತ್ತಾ ಓಡಿಬಂದು ಅಕ್ಕನಿಗೆ ಕ್ಯಾಮೆರಾದ ಕಾರ್ಡು ಕೊಟ್ಟೆ. ಪುಟ ಮುಗಿಸಲು ಇದ್ದದ್ದು ಹದಿನೈದು ನಿಮಿಷ. ಹಿಂದೆಯೇ ರೆಫರಿಯೂ ಬಂದರು. ಗೇಟಿನಲ್ಲಿ ಜನ ಕಾಯುತ್ತಿದ್ದರಂತೆ. ಮೂಲೆಯ ಸ್ಟೂಲಿನ ಮೇಲೆ ಕುಸಿದು ಕೂತರು.

"ದಾಟಿದೆ ಅಂತ ಕಂಡ್ತು, ಊದಿದೆ," ಎಂದರು. "ಅಷ್ಟು ಜನ ಇಲ್ಲ ಅಂತಿದಾರೆ. ನಂಗೂ ಈಗ ಅನುಮಾನ. ತಪ್ಪಾಗಿದ್ರೆ ಆ ಹುಡುಗರ ಕಪ್ ನಾನೇ ಕಿತ್ಕೊಂಡ ಹಾಗಾಯ್ತಲ್ಲ. ಇಪ್ಪತ್ತು ವರ್ಷ ಓಡಿ, ಕೊನೇಗೆ ಇದಾ?"

"ಭಾವ, ಸ್ವಲ್ಪ ಸುಮ್ನಿರಿ," ಎಂದಳು ಅಕ್ಕ, ತಲೆ ಎತ್ತದೆ.

ಬೇಡ, ಬೇಡ, ಬೇಡ. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು. ನಾನು ಕೂತಿದ್ದದ್ದು ಗೋಲಿನ ಗೆರೆಯ ನೇರಕ್ಕೆ. ಚೆಂಡು ನೆಲಕ್ಕೆ ಬಿದ್ದ ಕ್ಷಣದ ಆ ಫೋಟೊದ ಎಡಗಡೆ ಸೀಟಿ ಕಚ್ಚಿಕೊಂಡ ಭಾವನ ಮುಖ. ಮದುವೆಯಲ್ಲೂ ಅಷ್ಟು ಚೆನ್ನಾಗಿ ಕಂಡಿರಲಿಕ್ಕಿಲ್ಲ. ಬಲಗಡೆ, ಗೋಲಿನ ಒಳಗೆ, ಚೆಂಡು. ಬಿಳಿ ಗೆರೆಗೂ ಚೆಂಡಿಗೂ ನಡುವೆ ಎರಡು ಬೆರಳಿನಷ್ಟು ಹಸಿರು ಹುಲ್ಲು! ನಾನು ಕೂಗಲು ಬಾಯಿ ತೆರೆದೆ. ಅಕ್ಕ ಕಾಲು ತುಳಿದಳು. ಪುಟ ಹೋಗುವವರೆಗೆ ಉಸಿರೆತ್ತಬಾರದು, ಅದು ಅವಳ ಕಟ್ಟಪ್ಪಣೆ.

ಪುಟದಲ್ಲಿ ಇದ್ದ ಜಾಗ ಎರಡೇ ಕಾಲಂ. ಮುಖವನ್ನೂ ಚೆಂಡನ್ನೂ ಇಟ್ಟರೆ ಚೆಂಡು ಸಾಸಿವೆ ಕಾಳಿನಷ್ಟಾಗುತ್ತದೆ, ಹುಲ್ಲು ಕಾಣುವುದೇ ಇಲ್ಲ.

"ದೊಡ್ಡಕ್ಕಂಗೆ ಏನು ಹೇಳ್ತೀಯ?" ಎಂದು ಪಿಸುಗುಟ್ಟಿದೆ.

ಅವಳು ಪರದೆಯಲ್ಲಿ ಭಾವನ ಮುಖದ ಮೇಲೆ ಬಿದ್ದಿದ್ದ ಸುಣ್ಣವನ್ನು ಬೆರಳಿನಿಂದ ಮೆಲ್ಲಗೆ ಒರೆಸಿದಳು. ಆಮೇಲೆ ಒಂದೇ ಏಟಿಗೆ ಆ ಮುಖವನ್ನು ಕತ್ತರಿಸಿ ತೆಗೆದಳು. ಚೆಂಡು, ಗೆರೆ, ಹುಲ್ಲು ಉಳಿದವು. ಎರಡು ನಿಮಿಷ ಬಾಕಿ ಇರುವಾಗ ಫೋಟೊ ಹೋಯಿತು.

"ಭಾವ, ಬನ್ನಿ ಇಲ್ಲಿ," ಎಂದು ಪರದೆ ತಿರುಗಿಸಿದಳು. "ನಿಮ್ಮನ್ನ ಇವತ್ತೂ ಕತ್ತರಿಸಿಬಿಟ್ಟೆ. ಬಯ್ಯೋದಾದ್ರೆ ಬಯ್ದುಬಿಡಿ."

ಅವರು ಮೂಗು ತಾಗುವಷ್ಟು ಬಗ್ಗಿ ನೋಡಿದರು. "ದಾಟಿದೆ," ಎಂದರು. ಮತ್ತೆ ನೋಡಿದರು. "ದಾಟಿದೆ ಕಣಮ್ಮಾ! ಹುಲ್ಲು ನೋಡು, ಹುಲ್ಲು!" ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ತನ್ನ ಮುಖ ಎಲ್ಲಿ ಹೋಯಿತೆಂದು ಕೇಳಲೇ ಇಲ್ಲ.

ಅಷ್ಟರಲ್ಲಿ ದೊಡ್ಡಕ್ಕನ ಫೋನು. ಅಕ್ಕ ಎತ್ತಿಕೊಂಡದ್ದೇ ತಡ, ರೆಫರಿ ಸಾಹೇಬರು ಕೊರಳ ಸೀಟಿ ಬಾಯಿಗಿಟ್ಟು ಆ ಪುಟ್ಟ ಕೋಣೆಯಲ್ಲಿ ಕಿವಿ ಗಡಚಿಕ್ಕುವಂತೆ ಊದಿದರು.

"ಅಯ್ಯೋ, ಏನೇ ಅದು ಶಬ್ದ?"

"ನಿನ್ನ ಗಂಡ ಕಣೇ," ಎಂದಳು ಅಕ್ಕ, ನಗು ತಡೆಯಲಾರದೆ. "ಅದೇ ಗೋಲನ್ನ ಇನ್ನೊಂದ್ ಸಲ ಕೊಡ್ತಿದಾರೆ."